ಒಂಬತ್ತು ವೋಲ್ಟ್

ಹನ್ನೊಂದೂವರೆಯಾದರೆ ಸಾಕು, ಕೆಂಪು ದೀಪ.
ಅಲ್ಲಿಯವರೆಗೆ ಹಸಿರು, ತಕರಾರಿಲ್ಲ.
ಮತ್ತೆ ಟಕ್ ಎಂದು ಒಳಗೆ ರಿಲೇ ಬೀಳುತ್ತದೆ,
ಮಲ್ಪೆಯ ಅಷ್ಟೂ ಬಿಸಿಲು ತಾರಸಿಯ ಮೇಲೆ
ಕೆಲಸವಿಲ್ಲದೆ ಕೂರುತ್ತದೆ.

"ನಾಲ್ಕು ದಿನದಿಂದ ಹೀಗೇ," ಎಂದರು ವಾರಿಜಕ್ಕ.
"ಹದಿಮೂರು ಯೂನಿಟ್ ಬರುತ್ತಿದ್ದದ್ದು ಐದಕ್ಕೆ ಇಳಿದಿದೆ.
ಇದೇ ತಾರಸಿಯಲ್ಲಿ ಇಪ್ಪತ್ತು ವರ್ಷ ನಂಗ್ ಒಣಗಿಸಿದ್ದೇನೆ,
ಬಿಸಿಲು ನನಗೆ ಲೆಕ್ಕ ತಪ್ಪಿಸಿದ್ದಿಲ್ಲ ಮಾರಾಯ."

ಪರದೆಯಲ್ಲಿ ಇನ್ನೂರ ಐವತ್ತೆಂಟು.
ಮಿತಿ, ಇನ್ನೂರ ಐವತ್ತಮೂರು.
ನಾನು ಪಾಠ ಶುರು ಮಾಡಿದೆ:
ನಮ್ಮ ಕರೆಂಟು ಹೊರಗೆ ಹೋಗಬೇಕಾದರೆ
ಲೈನಿಗಿಂತ ಒಂದು ಮೆಟ್ಟಿಲು ಮೇಲೆ ನಿಲ್ಲಬೇಕು,
ಲೈನೇ ಮೇಲೇರಿ ಕೂತರೆ
ನಮ್ಮ ತಲೆ ಮಾಡಿಗೆ ತಾಗುತ್ತದೆ.

"ಎಲ್ಲರ ಬುಟ್ಟಿಯಲ್ಲೂ ಬೂತಾಯಿ,
ಕೊಳ್ಳುವವರೇ ಇಲ್ಲದ ದಿನ. ಹಾಗಾ?"
ಹಾಗೇ.
"ಹಾಗಾದರೆ ಐಸ್ ಪ್ಲಾಂಟ್ ನಿಂತದ್ದಕ್ಕೇ ಇದು.
ಅದೂ ನಾಲ್ಕು ದಿನವಾಯಿತು."

ಆಗ ಕೇಳಿಸಿತು ನನಗೆ, ಇಲ್ಲದ ಸದ್ದು.
ಎಲ್ಲೋ ದೂರದಲ್ಲಿ ಚಂಡಮಾರುತವಂತೆ,
ಇಲ್ಲಿ ಮೋಡದ ಚೂರಿಲ್ಲ,
ಬೋಟುಗಳು ಹೊಟ್ಟೆಗೆ ಹೊಟ್ಟೆ ತಾಗಿಸಿ ಬಂದರಿನಲ್ಲಿ.
ಮೀನಿಲ್ಲದೆ ಐಸ್ ಯಾರಿಗೆ?
ಕಂಪ್ರೆಸರು ಕುಡಿಯುತ್ತಿದ್ದ ಕರೆಂಟೆಲ್ಲ
ಇಡೀ ಓಣಿಯ ತಂತಿಯಲ್ಲಿ ಉಬ್ಬಿಕೊಂಡಿದೆ.
ಉಡುಪಿಯಲ್ಲಿ ಆರು ವಾರ ತರಬೇತಿ ಕೊಟ್ಟರು,
ಬೋಟಿನ ವಿಷಯ ಯಾರೂ ಹೇಳಲಿಲ್ಲ.

ಪಾಸ್‌ವರ್ಡ್ ನನ್ನ ಹತ್ತಿರ ಉಂಟು.
ಮೆನು, ಗ್ರಿಡ್, ಮೇಲಿನ ಮಿತಿ.
ಐವತ್ತಮೂರನ್ನು ಅರವತ್ತೈದು ಮಾಡಲು
ಹನ್ನೆರಡು ಸಲ ಒತ್ತಬೇಕು, ಅಷ್ಟೆ.
ಮೂರು ಮನೆಯಲ್ಲಿ ಒತ್ತಿದ್ದೇನೆ, ಸುಳ್ಳು ಹೇಳುವುದಿಲ್ಲ.
ದೀಪ ಹಸಿರಾಗುತ್ತದೆ, ಚಾ ಬರುತ್ತದೆ, ದುಡ್ಡು ಬರುತ್ತದೆ.
ಕೊಡವೂರಿನಲ್ಲಿ ತಿಂಗಳೊಳಗೆ ಫ್ರಿಜ್ಜು ಸತ್ತಿತು.
ಫ್ರಿಜ್ಜಿನ ಕಂಪನಿಗೆ ಅವರು ಬೈದರು.
ಜೊತೆಗೆ ನಾನೂ ಬೈದೆ.

ಒತ್ತುವ ಮೊದಲು, ಸುಮ್ಮನೆ,
ಗೇಟಿನ ಹತ್ತಿರದ ಮೀಟರ್ ಪೆಟ್ಟಿಗೆ ತೆರೆದು ಅಳೆದೆ.
ಇನ್ನೂರ ನಲವತ್ತೊಂಬತ್ತು.
ಮತ್ತೊಮ್ಮೆ ಅಳೆದೆ.
ಇಲ್ಲಿ ನಲವತ್ತೊಂಬತ್ತು, ಮೇಲೆ ಐವತ್ತೆಂಟು.
ನಡುವೆ ಒಂಬತ್ತು ವೋಲ್ಟ್
ಮೆಸ್ಕಾಂನದ್ದಲ್ಲ, ಕಡಲಿನದ್ದಲ್ಲ,
ಐಸ್ ಪ್ಲಾಂಟಿನದ್ದೂ ಅಲ್ಲ.

ವಯರಿನ ಹಿಂದೆಯೇ ನಡೆದೆ:
ದಾಸವಾಳದ ಬುಡ, ಬಾವಿಕಟ್ಟೆಯ ಸುತ್ತು,
ಬಚ್ಚಲಿನ ಗೋಡೆ, ಅಲ್ಲಿಂದ ಏಣಿಯ ಪಕ್ಕ ಮೇಲೆ.
ನಲವತ್ತೈದು ಮೀಟರ್. ಎರಡೂವರೆ ಚದರ.
ಆರು ಎಳೆಯಬೇಕಿತ್ತು.
ವಾರಿಜಕ್ಕ ಅವತ್ತು ಚೌಕಾಸಿ ಮಾಡಿ
ನಾಲ್ಕು ಸಾವಿರ ಇಳಿಸಿದ್ದರು,
ನಾನು ನಗುತ್ತಾ ಒಪ್ಪಿದ್ದೆ,
ನಕ್ಕದ್ದನ್ನು ವಯರಿನಲ್ಲಿ ವಸೂಲು ಮಾಡಿದ್ದೆ.
ಉಪ್ಪುಗಾಳಿಗೆ ಜಾಯಿಂಟು ಹಸಿರುಗಟ್ಟಿತ್ತು.

"ವಯರು ಬದಲಿಸಬೇಕು," ಎಂದೆ.
"ಖರ್ಚು?"
ಬಾವಿಯ ರಾಟೆಯ ಮೇಲೊಂದು ಕಾಗೆ.
"ನನ್ನದು."
ಯಾಕೆಂದು ಕೇಳಲಿಲ್ಲ.
ತಕ್ಕಡಿ ಹಿಡಿದವರಿಗೆ ಅದೆಲ್ಲ ಗೊತ್ತಾಗುತ್ತದೋ ಏನೋ.
"ಊಟ ಮಾಡಿಯೇ ಹೋಗು. ಹಸಿಮೀನಿಲ್ಲ,
ಒಣಮೀನಿನ ಚಟ್ನಿ ಉಂಟು."

ಮರುದಿನ, ಹನ್ನೊಂದೂ ಮುಕ್ಕಾಲು.
ದಪ್ಪ ವಯರು, ಹೊಸ ಲಗ್ಗು, ಮಿತಿ ಇದ್ದಲ್ಲೇ.
ಪರದೆ ಇನ್ನೂರ ಐವತ್ತೆರಡು ಎಂದಿತು.
ಒಂದೇ ಒಂದು ಬಾಕಿ.
ಹತ್ತು ನಿಮಿಷದ ಸರಾಸರಿ ನೋಡಿ ತೀರ್ಮಾನಿಸುವ ಯಂತ್ರ ಅದು,
ನಾವಿಬ್ಬರೂ ಹತ್ತು ನಿಮಿಷ ನಿಂತೆವು.
ಐವತ್ತೆರಡು. ಐವತ್ತೊಂದು. ಐವತ್ತೆರಡು.
ರಿಲೇ ಬೀಳಲಿಲ್ಲ.

ಮೂರನೆಯ ದಿನ ಫೋನು ಬಂತು,
ಮಾತಿಲ್ಲ, ಬರೀ ಗುಂಯ್ ಎನ್ನುವ ಸದ್ದು.
"ಕೇಳಿಸ್ತಾ? ಪ್ಲಾಂಟ್ ಶುರುವಾಯಿತು.
ನಲವತ್ತೊಂದು ತೋರಿಸ್ತಾ ಉಂಟು, ಒಳ್ಳೆಯದಲ್ವಾ?"
ಒಳ್ಳೆಯದು ಎಂದೆ.
ಫೋನಿಟ್ಟು, ಕೊಡವೂರಿನ ನಂಬರು ಹುಡುಕಿದೆ.
'ಫ್ರಿಜ್ಜಿನ ಮನೆ' ಎಂದು ಉಳಿಸಿಟ್ಟಿದ್ದೆ.