ಎಷ್ಟು ಸುತ್ತು

ಅರಸೀಕೆರೆ ನಗರಸಭೆಯ ನೀರು ಶಾಖೆ. ಬೀರುವಿನ ಪಕ್ಕ
ಯಾರೋ ಬಿಟ್ಟುಹೋದ ಹಳೇ ಕಂಪ್ಯೂಟರು.
ಅದರೊಳಗೆ ಊರಿನ ವಾಲ್ವುಗಳಿಗೊಂದು ವಿಕಿ ಕಟ್ಟಬೇಕು.
ನೆಲದಡಿಯ ಲೆಕ್ಕವೆಲ್ಲ
ನೀರುಗಂಟಿ ದ್ಯಾವಣ್ಣನ ತಲೆಯಲ್ಲಿದೆ,
ಮುಂದಿನ ತಿಂಗಳು ಆ ತಲೆಗೆ ನಿವೃತ್ತಿ.

ಬಂದು ಸ್ಟೂಲಿನ ಮೇಲೆ ಕೂತ. ತೊಡೆಗೊರಗಿಸಿಕೊಂಡ
ಕಬ್ಬಿಣದ ವಾಲ್ವ್ ಕೀಲಿ ಅವನ ಎದೆಯೆತ್ತರ.
"ಮೊದ್ಲು ಏನ್ ಮಾಡ್ತೀರಿ, ರುಕಿಯಾ ಮೇಡಂ?"
ರೂಟ್, ಅಂದೆ.
"ಬೇರಾ?"
ಬೇರೇ. ಆದರೆ ಅದನ್ನು ವಿಕಿಯ ಕೈಗೆ ಕೊಡುವಂತಿಲ್ಲ.
ಇದೇ ಡಬ್ಬಿಯಲ್ಲಿ ಕಂದಾಯದ ಪಟ್ಟಿಯಿದೆ, ಹುಟ್ಟು ಸಾವು ಇದೆ.
ಅದಕ್ಕೇ ವಿಕಿಗೆಂದೇ ಒಬ್ಬ ಬಳಕೆದಾರ. ತನ್ನ ಕೋಣೆಯಲ್ಲಿ
ಬರೆಯಲಿ, ತಿದ್ದಲಿ, ಬೇಕಿದ್ದರೆ ಕೆಡವಿ ಕಟ್ಟಲಿ,
ಹೊಸಿಲು ಮಾತ್ರ ದಾಟುವಂತಿಲ್ಲ. ಬರುವುದೂ
ಈ ಯಂತ್ರದ ಒಳಗಿನಿಂದಲೇ, ಬೀದಿಯಿಂದಲ್ಲ.

"ಗೊತ್ತಾಯ್ತು. ಗಾಡಿಖಾನೆ ಬೀದಿ ವಾಲ್ವ್ ಬಿಟ್ರೆ
ಗಾಡಿಖಾನೆ ಬೀದಿಗೇ ನೀರು.
ಅದಕ್ಕೋಸ್ಕರ ಟ್ಯಾಂಕನ್ನೇ ಬಿಚ್ತಾರಾ?"

ಪಾಸ್‌ವರ್ಡ್ ಕೇಳಿತು. ಒತ್ತಿದೆ.
ಪರದೆಯ ಮೇಲೆ ಒಂದು ಚುಕ್ಕಿಯೂ ಮೂಡಲಿಲ್ಲ.
ಗುಮಾಸ್ತರು ಇಣುಕಿ, ಕೀಬೋರ್ಡ್ ಕೆಟ್ಟಿದೆ ಅಂದರು.
"ಕೆಟ್ಟಿಲ್ಲ ಬಿಡಿ ಸಾರ್. ಮಣ್ಣೊಳಗಿನ ವಾಲ್ವ್
ಯಾರಿಗ್ ಕಾಣ್ತದೆ? ಸುತ್ತು ಎಣಿಸ್ಬೇಕು."

ಒಳಗೆ ಬಿಡೋದಿಲ್ಲ ಅಂತು ಯಂತ್ರ.
ಮತ್ತೆ ಒತ್ತಿದೆ, ಮತ್ತೆ ಅದೇ ಮಾತು.
ಆಮೇಲೆ ಹೊಳೆಯಿತು: ಬೆಳಗ್ಗೆ ನಲ್ಲಿ ಬಾಕಿಯ ನೋಟಿಸು ಹೊಡೆದಾಗಿನಿಂದ
ಕೀಲಿಮಣೆ ಕನ್ನಡದಲ್ಲೇ ಉಳಿದಿತ್ತು.
ಮೂರನೇ ಸಲಕ್ಕೆ ಬಿಟ್ಟುಕೊಂಡಿತು.

ಮೊದಲ ಪುಟ ಅವನೇ ಹೇಳಿಬರೆಸಿದ, ಕಣ್ಣು ಮುಚ್ಚಿ:
ಹುಣಸೆಮರದ ವಾಲ್ವ್. ಬುಡದಿಂದ ಪೂರ್ವಕ್ಕೆ ನಾಲ್ಕು ಹೆಜ್ಜೆ.
ಎಡಕ್ಕೆ ಹನ್ನೊಂದು ಸುತ್ತು. ಹನ್ನೆರಡಾದರೆ ಮುರಿಯುತ್ತೆ.

ಯಾವ ಹುಣಸೆಮರ? ಆ ರಸ್ತೆಯಲ್ಲಿ ಮರವೇ ಇಲ್ಲ.

"ಅಗಲ ಮಾಡ್ದಾಗ ಕಡಿದ್ರು. ನೀವ್ ಬರ್ಕೊಳಿ.
ನಾಲ್ಕು ಹೆಜ್ಜೆ ಹಂಗೇ ಇದೆಯಲ್ಲ."

ಬರೆದುಕೊಂಡೆ. ತಿದ್ದುವವರು ತಿದ್ದಲಿ,
ವಿಕಿ ಇರುವುದೇ ಅದಕ್ಕೆ.

ಹೊರಡುವಾಗ ಬಾಗಿಲಲ್ಲಿ ನಿಂತ:
"ನಿಮ್ ಕೀಲಿ ಹದಿನಾಲ್ಕು ಸುತ್ತು, ಅಲ್ವಾ ಮೇಡಂ?
ಮೂರು ಸಲಾನೂ ಎಣಿಸ್ದೆ."

ಸೈಕಲ್ಲಿಗೆ ಬಡಿಯುವ ಕಬ್ಬಿಣದ ಸದ್ದು
ಸ್ಟೇಷನ್ ರಸ್ತೆಯ ತಿರುವಿನಲ್ಲಿ ಅಡಗುವತನಕ ಕಾದು
ಪಾಸ್‌ವರ್ಡ್ ಬದಲಿಸಿದೆ.
ಈಗ ಎಷ್ಟು ಸುತ್ತು ಅಂತ
ಪದ್ಯದಲ್ಲೂ ಹೇಳುವುದಿಲ್ಲ.