ಒಂದಕ್ಕೆ ಮೂರು

ಫೋರ್ಟಿನ ರಾತ್ರಿ ಕಾಲೇಜು, ಎರಡನೇ ಮಾಳಿಗೆ.
ಮೂರು ಟ್ಯೂಬ್‌ಲೈಟಿನಲ್ಲಿ ಒಂದು ಸದಾ ಮಿಣುಕುತ್ತದೆ.
ಹಲಗೆಯ ಮೇಲೆ ಬರೆದೆ: ಇಂಗಾಲದ ಹೊರಮನೆಯಲ್ಲಿ
ಒಂದು ಎಸ್, ಉಂಡೆಯ ಹಾಗೆ;
ಮೂರು ಪಿ, ಡಮರುವಿನ ಹಾಗೆ,
ಅಡ್ಡ, ಉದ್ದ, ನೆಟ್ಟಗೆ.
ಹಾಗಿದ್ದೂ ಮೀಥೇನಿನ ನಾಲ್ಕು ಬಂಧ
ನಾಲ್ಕೂ ಒಂದೇ ಸಮ ಹೇಗೆ?
ಕೇಳಿದವಳು ನಾನೇ, ಉತ್ತರವೂ ನನ್ನದೇ ಇತ್ತು,
ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಐತಪ್ಪ
(ಈ ಊರಲ್ಲಿ ಟೀಚರಮ್ಮನೆಂದರೆ ಬಾಯಿ)
ಕಣ್ಣು ಅರ್ಧ ಮುಚ್ಚಿಕೊಂಡೇ ಅಂದ:
"ಅದು ಕಡೆದರೆ ಆಗ್ತದೆ, ಬಾಯಿ."

ಕ್ಲಾಸು ನಕ್ಕಿತು. ಅವನು ನಗಲಿಲ್ಲ.
ಮಾಟುಂಗದ ಹೋಟೆಲಿನಲ್ಲಿ ಅವನದು ಗ್ರೈಂಡರಿನ ಕೆಲಸ,
ಉಗುರಿನ ಸಂದಿಯಲ್ಲಿ ಒಣಗಿದ ಹಿಟ್ಟು.
"ಒಂದು ಪಾವು ಉದ್ದು, ಮೂರು ಪಾವು ಅಕ್ಕಿ.
ಕಲ್ಲು ತಿರುಗಿದ ಮೇಲೆ ಮುಗಿಯಿತು.
ನಾಲ್ಕು ಇಡ್ಲಿಯಲ್ಲಿ ಉದ್ದಿನದ್ದು ಯಾವುದು, ಅಕ್ಕಿಯದ್ದು ಯಾವುದು
ಧನಿಗಳ ಅಪ್ಪನಿಗೂ ಗೊತ್ತಾಗ್ಲಿಕ್ಕಿಲ್ಲ.
ಒಂದೊಂದರಲ್ಲೂ ಕಾಲು ಉದ್ದು, ಮುಕ್ಕಾಲು ಅಕ್ಕಿ."

ಹತ್ತು ವರ್ಷ ಈ ಪಾಠ ಮಾಡಿದ್ದೇನೆ,
ಬಣ್ಣದ ಸೀಮೆಸುಣ್ಣ, ಬಲೂನು, ಒಮ್ಮೆ ಬಟಾಟೆಗೆ ಕಡ್ಡಿ ಚುಚ್ಚಿ.
ತಲೆದೂಗಿದವರೆಲ್ಲ ಪರೀಕ್ಷೆಯಲ್ಲಿ ಜಾಗ ಖಾಲಿ ಬಿಟ್ಟರು.
ಆದರೂ ಸೋಲಲಿಲ್ಲ ನಾನು:
"ಇಡ್ಲಿತಟ್ಟೆ ಚಪ್ಪಟೆ, ಐತಪ್ಪ. ಮೀಥೇನು ಚಪ್ಪಟೆಯಲ್ಲ."

ಅವನ ರಜೆ ಮಂಗಳವಾರ. ಮರೀನ್ ಡ್ರೈವಿಗೆ ಬರಹೇಳಿದೆ.
ಕಟ್ಟೆಯಾಚೆ ಕಡಲಿಗೆ ಸುರಿದ ಕಾಂಕ್ರೀಟಿನ ಮುದ್ದೆಗಳು,
ಒಂದೊಂದಕ್ಕೂ ನಾಲ್ಕು ಕಾಲು;
ಮೂರು ಊರಿದರೆ ಒಂದು ಆಕಾಶಕ್ಕೆ.
ಲೋಕಲಿನಲ್ಲಿ ಮೂವರ ಸೀಟಿಗೆ ನಾಲ್ಕನೆಯವ ತೂರಿಕೊಂಡಂತಲ್ಲ,
ಇಲ್ಲಿ ನಾಲ್ವರಿಗೂ ಪೂರ್ತಿ ಜಾಗ,
ನೂರ ಒಂಬತ್ತೂವರೆ ಡಿಗ್ರಿ.
ಏಡಿಯೊಂದು ಸಂದಿಯಿಂದ ಇಣುಕಿ ಒಳಗೆ ಹೋಯಿತು.
ಐತಪ್ಪ ಬಹಳ ಹೊತ್ತು ನೋಡಿದ.
"ಇಂಗಾಲ ಇದು, ಸರಿ.
ತುದಿಯಲ್ಲಿ ಬಂದು ಕೂತುಕೊಳ್ಳುವ ಜಲಜನಕಕ್ಕೆ ಏನು ಲಾಭ?"

ಪಾಲು, ಎಂದೆ.
ಇದರದೊಂದು ಎಲೆಕ್ಟ್ರಾನು, ಅದರದೊಂದು;
ನಡುವೆ ಇಟ್ಟ ಎರಡನ್ನೂ
ಎರಡೂ ಕಡೆಯವರು ತಮ್ಮದೆಂದೇ ಎಣಿಸುತ್ತಾರೆ.
ಷರತ್ತು ಒಂದೇ: ಒಂದು ಜಾಗದ ಇಬ್ಬರ ತಿರುಗು
ಎದುರುಬದುರಾಗಿರಬೇಕು.

ಶೇಂಗಾ ಸಿಪ್ಪೆ ಸರಿಸುತ್ತ ಅವನು ಹೇಳಿದ್ದು:
ಸಾಯನ್ನಿನ ಖೋಲಿ, ಒಂದೇ ಚಾಪೆ.
ಅರ್ಧ ಬಾಡಿಗೆ ತನ್ನದು, ಅರ್ಧ ಧೋಂಡಿಬಾನದು.
ಧೋಂಡಿಬಾನಿಗೆ ಪ್ರೆಸ್ಸಿನಲ್ಲಿ ರಾತ್ರಿಪಾಳಿ.
"ಎರಡು ವರ್ಷ ಆಯ್ತು, ಅವನ ಮುಖ ಸರಿ ನೋಡಿಲ್ಲ.
ನಾನು ಏಳುವಾಗ ಬಾಗಿಲಲ್ಲಿ ಶಾಯಿಯ ವಾಸನೆ.
ಬೊಂಬಾಯಿಯಲ್ಲಿ ನನಗೊಂದು ಖೋಲಿ ಉಂಟು ಅಂತ ಊರಿಗೆ ಬರೆಯುತ್ತೇನೆ.
ಅವನೂ ಬರೆಯುತ್ತಾನೋ ಏನೋ.
ಸುಳ್ಳಾ, ಬಾಯಿ?"
ಪುಸ್ತಕದಲ್ಲಿ ಆ ಪ್ರಶ್ನೆ ಇರಲಿಲ್ಲ.

ದೀಪಾವಳಿಗೆ ಪ್ರೆಸ್ಸು ಮುಚ್ಚಿತಂತೆ.
ಮೊದಲ ಸಲ ಇಬ್ಬರೂ ಒಂದೇ ರಾತ್ರಿ ಖೋಲಿಯಲ್ಲಿ.
ಚಾಪೆ ಅಗಲವಾಗಲಿಲ್ಲ.
ಅವನ ತಲೆ ಕಿಟಕಿಗೆ, ಇವನದು ಬಾಗಿಲಿಗೆ.
ನಾನು ಹಲಗೆಯ ಮೇಲೆ ಎರಡು ಬಾಣ ಬರೆದೆ,
ಒಂದು ಮೇಲಕ್ಕೆ, ಒಂದು ಕೆಳಕ್ಕೆ.
ಅವನು ನೋಟುಬುಕ್ಕಿನಲ್ಲಿ ಇಳಿಸಿಕೊಂಡು
ಪಕ್ಕದಲ್ಲಿ ಸಣ್ಣಗೆ ಬರೆದ: ಕಿಟಕಿ. ಬಾಗಿಲು.

ಮುಂದಿನ ಪಾಠ ಎಥಿಲೀನು, ಎಂದೆ.
ಒಂದಕ್ಕೆ ಎರಡು. ಈ ಸಲ ನಿಜಕ್ಕೂ ಚಪ್ಪಟೆ.
ಒಂದು ಪಾವು ಅಕ್ಕಿ ಮಾತ್ರ ಕಡೆಯದೆ ಹಾಗೇ ಬಿಡಬೇಕು.
ಐತಪ್ಪನ ಕಣ್ಣು ಪೂರ್ತಿ ತೆರೆಯಿತು:
"ಹಲ್ಲಿಗೆ ಸಿಗ್ತದೆ, ಬಾಯಿ."
ಸಿಗುತ್ತದೆ.
ಬಂದವರೆಲ್ಲ ಮೊದಲು ಕಚ್ಚುವುದು ಅದನ್ನೇ.