ಮೈಕ್ ಸೆಟ್ಟಿನವನು ಕೇಳಿದ್ದು

ಆಟಿ ತಿಂಗಳು. ಮಲ್ಪೆಯ ಬೋಟುಗಳೆಲ್ಲ ದಕ್ಕೆಯಲ್ಲಿ,
ಭಜನಾ ಮಂದಿರದಲ್ಲಿ ಸಂಜೆಗೆ ಪುರಾಣ.
ನನ್ನ ಜಾಗ ಹೊರಗೆ, ಚಪ್ಪಲಿಗಳ ಪಕ್ಕ,
ಆಂಪ್ಲಿಫೈಯರಿಗೆ ಟಾರ್ಪಾಲು ಹೊದೆಸಿ.

ಇಪ್ಪತ್ತಾರು ಮಳೆಗಾಲ.
ಮೊಸಳೆ ಹಿಡಿದ ಆನೆ ಎಷ್ಟು ಸಲ ಕೂಗಿತೋ ತಿಳಿಯೆ;
ತಿಳಿದದ್ದು ಇಷ್ಟೇ: ಸೂರಪ್ಪ ಮಾಸ್ಟ್ರು ‘ಶ್ರೀ’ ಎಂದರೆ
ಟ್ರೆಬಲ್ ಒಂದು ಗೆರೆ ಇಳಿಸಬೇಕು,
‘ಭ’ ಬಂದರೆ ಎಡಗಡೆಯ ಹಾರ್ನ್ ಒಡೆಯುತ್ತದೆ.
ಕುಂಯ್ ಎನ್ನದಂತೆ ಕಾಯುವುದಕ್ಕೇ
ನನಗೆ ಎರಡು ಕಿವಿ.

ನಿನ್ನೆ ಆನೆ ನೀರಿಗಿಳಿದ ಹೊತ್ತಿಗೆ ಕರೆಂಟು ಹೋಯಿತು.
ಮಾಸ್ಟ್ರು ನಿಲ್ಲಿಸಲಿಲ್ಲ. ಎಂಬತ್ತರ ಗಂಟಲು,
ಎರಡನೇ ಸಾಲು ದಾಟುವ ಮೊದಲೇ
ಕಡಲು ಅದನ್ನು ತೆಗೆದುಕೊಳ್ಳುತ್ತಿತ್ತು.
ಯಾರೂ ಏಳಲಿಲ್ಲ. ಬದಲಿಗೆ
ಬೆನ್ನುಗಳು ಮುಂದಕ್ಕೆ ಬಾಗಿದವು, ಒಂದೊಂದಾಗಿ,
ಬಲೆ ಎಳೆಯುವಾಗ ಬಾಗುವ ಹಾಗೆ.

ಮಾಡಲು ಕೆಲಸವಿಲ್ಲದೆ ಒಳಗೆ ಹೋದೆ.
ಒಣಮೀನಿನ ಅಪ್ಪಿಯಕ್ಕನ ಹಿಂದೆ ಕೂತೆ.
“ಈಗ ಏನಂದರು?” ಎಂದು ಕೇಳಿದೆ.
ತಿರುಗದೆಯೇ ಅವಳು, “ಕೇಣ್ಲ ಮಾರಾಯ.”

ಕೇಳಿದೆ.
ಮಳೆ. ಪುಟ ಮಗುಚುವ ಬೆರಳು. ಯಾರದೋ ಗೂರಲು.
ಬತ್ತಿಯ ಚಿಟಿಚಿಟಿ. ನಡುವೆ ಒಂದು ಪದ,
ಆಮೇಲೆ ಬಹಳ ಹೊತ್ತಿಗೆ ಇನ್ನೊಂದು.
ಅವನಿಗೂ ಹೀಗೇ ಕೇಳಿಸಿರಬೇಕು, ಅಷ್ಟು ದೂರದಿಂದ,
ಆ ಕೂಗು, ನೀರು ತುಂಬಿದ ಬಾಯಿಯದು.

ಕರೆಂಟು ಬಂತು. ಹಾರ್ನ್ ಕುಂಯ್ ಎಂದಿತು, ಉದ್ದಕ್ಕೆ.
ಎಲ್ಲರೂ ನನ್ನನ್ನು ನೋಡಿದರು.
ನಾನು ಇನ್ನೂ ಕೂತೇ ಇದ್ದೆ.